ಗೋಲಿನ ಮುಂದೆ ಗುದ್ದಲಿ ಪೂಜೆ

ಸೋಲುತ್ತಿದ್ದಷ್ಟು ಕಾಲ ದೇವರಾಜು ಮೇಷ್ಟ್ರ ತಂಟೆಗೆ ಯಾರೂ ಬರಲಿಲ್ಲ. ಕುವೆಂಪುನಗರದ ಆ ಖಾಸಗಿ ಕಾಲೇಜಿನ ಫುಟ್‌ಬಾಲ್ ತಂಡ ಎಂಟು ವರ್ಷ ಒಂದೇ ಸಮನೆ ಸೋತಿತು. ಎಂಟು ವರ್ಷವೂ ಅವರು ಹುಲ್ಲಿಲ್ಲದ ಮೈದಾನದಲ್ಲಿ, ಬಲೆಯಿಲ್ಲದ ಗೋಲು ಕಂಬಗಳ ನಡುವೆ, ಸೀಟಿ ಊದಿಕೊಂಡು ತಮ್ಮ ಪಾಡಿಗೆ ತಾವು ಸಿಟ್ಟು ಮಾಡಿಕೊಂಡಿದ್ದರು. ತಲೆನೋವು ಶುರುವಾದದ್ದು ಗೆದ್ದ ಮೇಲೆ.

ಗೆದ್ದದ್ದು ಗುರುವಾರ, ಅಂತರಕಾಲೇಜು ಪಂದ್ಯಾವಳಿಯ ಕ್ವಾರ್ಟರ್ ಫೈನಲ್ಲಿನಲ್ಲಿ. ಹೆಸರಷ್ಟೇ ದೊಡ್ಡದು; ತಂಡಗಳು ಕಡಿಮೆಯಾದ್ದರಿಂದ ಮೊದಲ ಪಂದ್ಯವೇ ಕ್ವಾರ್ಟರ್ ಫೈನಲ್. ಆದರೂ ಗೆಲುವು ಗೆಲುವೇ. ಹೋದ ವರ್ಷ ಇದೇ ಎದುರಾಳಿ ಏಳು ಗೋಲು ಹೊಡೆದು ಮನೆಗೆ ಕಳಿಸಿತ್ತು. ಈ ಸಲ ಮೊದಲ ಗೋಲು ಬಿಟ್ಟುಕೊಟ್ಟ ಮೇಲೂ ಹುಡುಗರು ಒಬ್ಬರನ್ನೊಬ್ಬರು ಬೈದುಕೊಳ್ಳಲಿಲ್ಲ. ದೇವರಾಜು ಅವರಿಗೆ ಅಲ್ಲೇ ಅರ್ಧ ಗೆದ್ದ ಹಾಗಾಯಿತು. ಚೆಂಡು ಸಿಕ್ಕಿದ ಕೂಡಲೇ ಕಣ್ಣುಮುಚ್ಚಿ ಆಕಾಶಕ್ಕೆ ಒದೆಯುವ ಚಾಳಿ ಬಿಟ್ಟು, ತಲೆ ಎತ್ತಿ ನೋಡಿ, ಪಕ್ಕದವನಿಗೆ ಕೊಟ್ಟರು. ನಿರಂಜನ್ ಎರಡು ಗೋಲು ಹೊಡೆದ. ಇನ್ನೇನು ಮುಗಿಯಿತು ಅನ್ನುವಾಗ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು; ಗೋಲು ಕಾಯುವ ನಾಯಕ ಸ್ವರೂಪ್ ಬಲಕ್ಕೆ ಹಾರಿ ಅದನ್ನೂ ತಡೆದ. ಬಲಕ್ಕೆ ಹಾರಲು ಹೆದರುತ್ತಿದ್ದ ಹುಡುಗ ಅವನು. ಗೋಲಿನ ಮುಂದಿನ ಕಲ್ಲುಗಳನ್ನು ದೇವರಾಜು ತಾವೇ ಕೂತು ಆರಿಸಿ ತೆಗೆದು, ಬೀಳು, ಏಳು, ಮತ್ತೆ ಬೀಳು ಎಂದು ಕಲಿಸಿದ್ದರು. ಪಂದ್ಯ ಮುಗಿದ ಸೀಟಿ ಕೇಳಿದಾಗ ಅವರು ಓಡಿಹೋಗಿ ಅವನ ಬೆನ್ನು ತಟ್ಟಿದರು.

ಶುಕ್ರವಾರ ಬೆಳಗ್ಗೆ ಇನ್ನೊಂದು ಆಶ್ಚರ್ಯ ಕಾದಿತ್ತು. ಮೊದಲ ವರ್ಷದ ಹುಡುಗರ ಒಂದು ಗುಂಪು ಹೊಸ ಬೂಟು ಹಾಕಿಕೊಂಡು ಮೈದಾನದ ಅಂಚಿನಲ್ಲಿ ನಿಂತಿತ್ತು. "ನಾವೂ ಸೇರ್ಕೋಬೋದಾ ಸರ್?" ಮುಂಚೆ ಹಾಜರಾತಿಯ ಆಸೆ ತೋರಿಸಿ, ಗೋಗರೆದು ಹನ್ನೊಂದು ಜನರನ್ನು ಕೂಡಿಸಬೇಕಾಗಿತ್ತು. ಈಗ ಎರಡು ತಂಡ ಮಾಡಿ ಆಡಿಸುವಷ್ಟು ಜನ. ಮಂಗಳವಾರ ಸೆಮಿಫೈನಲ್. ಅಲ್ಲಿಯವರೆಗೆ ದಿನಾ ಹೀಗೇ ಆಡಿಸಿದರೆ ಅದನ್ನೂ ಗೆಲ್ಲಬಹುದೆಂಬ ಆಸೆ ಅವರಿಗೆ ಮೊದಲ ಬಾರಿಗೆ ಹುಟ್ಟಿತು. ಅದಕ್ಕೆ ಅವರಿಗೆ ಬೇಕಾಗಿದ್ದದ್ದು ಹುಡುಗರು, ಚೆಂಡು, ಮೈದಾನ. ಬೇರೇನೂ ಬೇಕಿರಲಿಲ್ಲ.

ಶನಿವಾರ ಬಂದು ನೋಡಿದರೆ ಶಾಮಿಯಾನದ ಹುಚ್ಚಣ್ಣ ಪಶ್ಚಿಮದ ಗೋಲಿನ ಮುಂದೆ ಹಾರೆ ಹಿಡಿದು ಗುಂಡಿ ತೋಡುತ್ತಿದ್ದ.

"ಏನಯ್ಯಾ ಇದು?"

"ಸನ್ಮಾನ ಸಾ, ನಿಮ್ಗೇಯಾ!" ಎಂದು ಹುಚ್ಚಣ್ಣ ಹಲ್ಲು ಬಿಟ್ಟ. "ನಾಳೀಕೆ ಫಂಕ್ಷನ್ನು. ಸ್ಟೇಜು ಪೂರ್ವಕ್ಕೆ ಮುಖ ಮಾಡಿರ್ಬೇಕು ಅಂದವ್ರೆ ಸೆಕ್ರೆಟ್ರಿಗಳು. ಅಂಗಾಗಿ ಇಲ್ಲೇ ಹಾಕ್ಬೇಕು."

"ಇದು ಗೋಲು ಕಣಯ್ಯಾ! ಹುಡುಗ ಇಲ್ಲಿ ಬಿದ್ದು ಏಳ್ಬೇಕು. ಕಲ್ಲು ಆಯ್ದು ಆಯ್ದು ನನ್ನ ಸೊಂಟ ಬಿದ್ದೋಗೈತೆ. ನೀನು ಹಾರೆ ಹಾಕ್ತಾ ಇದೀಯಲ್ಲ!"

"ನಾನೇನ್ ಮಾಡ್ಲಿ ಸಾ, ಮೇಲ್ನೋರು ಹೇಳ್ದಂಗೆ. ಎಲ್ಲಾ ಮುಗುದ್ಮೇಲೆ ಮುಚ್ಚುಸ್ಬುಡ್ತೀನಿ ಬುಡಿ."

ದೇವರಾಜು ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ನಡೆದರು. ರಮಾಮಣಿಯವರು ಒಳ್ಳೆಯವರು. ಅವರ ಒಳ್ಳೆಯತನದಿಂದ ಇವತ್ತಿನವರೆಗೆ ಯಾವ ಕೆಲಸವೂ ಕೆಟ್ಟಿಲ್ಲ, ಯಾವ ಕೆಲಸವೂ ಆಗಿಯೂ ಇಲ್ಲ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ದೇವರಾಜು ಅವ್ರೇ. ಕಮಿಟಿಯವರು ಮೊದಲ್ನೇ ಸಲ ನಿಮ್ಮ ಬಗ್ಗೆ ಒಳ್ಳೇ ಮಾತಾಡ್ತಿದಾರೆ. ಈಗ ಹೋಗಿ ಸನ್ಮಾನ ಬೇಡ ಅಂತೀರಾ? ಬೇಕಿದ್ರೆ ಸೆಕ್ರೆಟರಿಯವರನ್ನೇ ಒಂದ್ಮಾತು ಕೇಳಿ."

ಸರಿಯೆಂದು ದೇವರಾಜು ಸ್ಕೂಟರ್ ಹತ್ತಿ ಚಾಮರಾಜಪುರಂಗೆ ಹೋದರು. ಆಡಳಿತ ಮಂಡಳಿಯ ಕಾರ್ಯದರ್ಶಿ ವೆಂಕಟಸುಬ್ಬಯ್ಯನವರ ತಾತ ಅರಮನೆಯಲ್ಲಿ ದರ್ಬಾರಿನ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರಂತೆ. ದರ್ಬಾರು ಹೋಯಿತು, ವ್ಯವಸ್ಥೆ ಮಾಡುವ ಚಪಲ ಮೊಮ್ಮಗನಲ್ಲಿ ಉಳಿದುಕೊಂಡಿತು. ಯಾರಿಗಾದರೂ ಶಾಲು ಹೊದಿಸದೆ ಅವರಿಗೆ ಒಂದು ತಿಂಗಳು ಕಳೆಯುವುದು ಕಷ್ಟ.

"ಬನ್ನಿ ಬನ್ನಿ, ನಿಮಗೇ ಫೋನ್ ಮಾಡೋಣ ಅಂತಿದ್ದೆ ಕಣ್ರೀ! ತಲೆ ಕೊಡಿ ಇಲ್ಲಿ." ದೇವರಾಜು ಬಾಯಿ ತೆರೆಯುವ ಮೊದಲೇ ಅವರ ತಲೆಗೆ ದಾರ ಸುತ್ತಿ ಅಳತೆ ತೆಗೆದುಕೊಂಡರು. "ರೆಡಿಮೇಡ್ ಪೇಟ ನಿಮ್ಮ ತಲೆಗೆ ಕೂರಲ್ಲ. ದೇವರಾಜ ಮಾರ್ಕೆಟ್ ಹತ್ರ ಹೇಳಿ ಕಟ್ಟಿಸ್ತಿದೀನಿ. ಹುಡುಗರಿಗೂ ಒಂದೊಂದು."

"ಸಾರ್, ಅದು ಸಂತೋಷ. ಆದ್ರೆ ಮಂಗಳವಾರ ಸೆಮಿಫೈನಲ್ ಐತೆ. ಮೈದಾನದಲ್ಲಿ ಗುಂಡಿ..."

"ಮೈದಾನದ ಮಾತು ನೀವು ಎತ್ತಲೇ ಬೇಡಿ. ನನ್ನ ಮನಸ್ಸಲ್ಲಿದೆ. ನಾಳೆ ಒಂದು ದೊಡ್ಡ ಘೋಷಣೆ ಮಾಡ್ತೀನಿ, ನೀವು ಕುಣಿದಾಡಿಬಿಡ್ತೀರಿ. ಈಗ ಕಾಫಿ ಕುಡೀರಿ."

ದೇವರಾಜು ಕಾಫಿ ಕುಡಿದರು. ಕೋಪ ಅರ್ಧಕ್ಕರ್ಧ ಇಳಿದಿತ್ತು. ಮೈದಾನ ಸಮ ಮಾಡಿಸಿ, ಹುಲ್ಲು ಹಾಕಿಸಿ, ಗೋಲಿಗೆ ಬಲೆ ಕಟ್ಟಿಸಿ ಎಂದು ಎಂಟು ವರ್ಷದಿಂದ ಇದೇ ಮನುಷ್ಯನ ಮುಂದೆ ಅವರು ಬಾಯಿ ನೋಯಿಸಿಕೊಂಡಿದ್ದರು. "ಮೊದಲು ಒಂದು ಮ್ಯಾಚ್ ಗೆದ್ದು ತೋರಿಸಿ, ಆಮೇಲೆ ನೋಡೋಣ" ಎಂಬುದೇ ಪ್ರತಿ ಸಲದ ಉತ್ತರ. ಗೆದ್ದು ತೋರಿಸಿದ್ದಾಗಿತ್ತು. ಮೈದಾನ ಸಮವಾಗುವುದಾದರೆ ನಾಲ್ಕು ಗುಂಡಿಗಳನ್ನು ನುಂಗಿಕೊಂಡರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ವಾಪಸು ಬಂದರು. ಅವತ್ತಿನ ಅಭ್ಯಾಸವನ್ನು ಕಾರಿಡಾರಿನಲ್ಲಿ ಮಾಡಿಸಿದರು. ಕಿಟಕಿಯ ಗಾಜೊಂದು ಹೋಯಿತು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮೈದಾನ ಮದುವೆ ಮನೆಯಾಗಿತ್ತು. ಕುರ್ಚಿ ತಂದ ಲಾರಿ ಹಸಿ ನೆಲದಲ್ಲಿ ಎರಡು ಕಾಲುವೆಗಳನ್ನೇ ಕೊರೆದಿತ್ತು. ನೋಡಿ ದೇವರಾಜು ಅವರ ಹೊಟ್ಟೆ ಉರಿಯಿತು. ಅಷ್ಟರಲ್ಲಿ ಕಾಂಪೌಂಡಿನ ಪಕ್ಕ ನಿಂತಿದ್ದ ಹಳದಿ ಜೆಸಿಬಿ ಕಣ್ಣಿಗೆ ಬಿತ್ತು. ಎದೆ ಹಗುರಾಯಿತು. ಇವತ್ತೇ ಸಮ ಮಾಡಿಸಲು ಯಂತ್ರ ತರಿಸಿಬಿಟ್ಟಿದ್ದಾರೆ! ಛೆ, ಪುಣ್ಯಾತ್ಮನನ್ನು ಮನಸ್ಸಿನಲ್ಲಿ ಎಷ್ಟೆಲ್ಲ ಬೈದುಕೊಂಡುಬಿಟ್ಟೆನಲ್ಲ ಎಂದು ಅವರಿಗೆ ನಾಚಿಕೆಯೂ ಆಯಿತು.

ಹುಡುಗರನ್ನು ವೇದಿಕೆಯ ಮೇಲೆ ಸಾಲಾಗಿ ಕೂರಿಸಿ ಪೇಟ ತೊಡಿಸಿದರು. ದೇವರಾಜು ಅವರಿಗೆ ಪೇಟದ ಜೊತೆಗೆ ಶಾಲನ್ನೂ ಹೊದಿಸಿದರು. ನಿರಂಜನನ ಪೇಟ ಕಣ್ಣಿನವರೆಗೆ ಇಳಿದು, ಅವನು ಗಲ್ಲ ಮೇಲೆತ್ತಿಕೊಂಡೇ ಕೂತ. ಭಾಷಣಗಳು ಶುರುವಾದವು. ಗೆದ್ದೆತ್ತಿನ ಬಾಲ ಹಿಡಿಯುವವರಿಗೇನು ಬರವೇ? ಫುಟ್‌ಬಾಲಿಗೂ ವಾಲಿಬಾಲಿಗೂ ವ್ಯತ್ಯಾಸ ಗೊತ್ತಿಲ್ಲದವರೆಲ್ಲ ಮೈಕಿನ ಮುಂದೆ ಬಂದು, ಈ ಗೆಲುವಿನ ಹಿಂದೆ ತಮ್ಮ ಪ್ರೋತ್ಸಾಹವಿತ್ತೆಂದು ಹೇಳಿ ಹೋದರು. ಹುಡುಗರ ಕತ್ತಿನಿಂದ ಬೆವರಿಳಿಯುತ್ತಿತ್ತು. ಇದೇ ಹೊತ್ತಿನಲ್ಲಿ ಕಾರ್ನರ್ ಹೊಡೆಯುವುದನ್ನು ತಿದ್ದಬಹುದಿತ್ತು ಎಂದು ದೇವರಾಜು ಹಲ್ಲು ಕಚ್ಚಿಕೊಂಡು ಕೂತಿದ್ದರು.

ಕೊನೆಗೆ ವೆಂಕಟಸುಬ್ಬಯ್ಯನವರು ಎದ್ದರು. "ಈ ವಿಜಯದ ನೆನಪು ಶಾಶ್ವತವಾಗಿ ಉಳೀಬೇಕು. ಅದಕ್ಕೇ ನಾವು ಈಗ ಕೂತಿರೋ ಇದೇ ಜಾಗದಲ್ಲಿ ಬಯಲು ರಂಗಮಂದಿರ ಕಟ್ಟಿಸ್ತೀವಿ. ಕಾಂಕ್ರೀಟಿನ ವೇದಿಕೆ, ಮೆಟ್ಟಿಲು ಮೆಟ್ಟಿಲಾಗಿ ಆಸನಗಳು! ಹೆಸರು ವಿಜಯ ರಂಗಮಂದಿರ. ಮುಂದೆ ನಮ್ಮ ಹುಡುಗರು ಏನೇ ಗೆದ್ದರೂ ಸನ್ಮಾನಕ್ಕೆ ಶಾಮಿಯಾನ ಹುಡುಕೋ ಹಾಗಿಲ್ಲ. ಈಗಲೇ ಗುದ್ದಲಿ ಪೂಜೆ, ಪೂಜೆ ಆದ ಕೂಡಲೇ ಜೆಸಿಬಿ ಕೆಲಸ ಶುರು!"

ಚಪ್ಪಾಳೆ ಬಿತ್ತು. ಅಭ್ಯಾಸಬಲದಿಂದ ಹುಡುಗರೂ ತಟ್ಟಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೇವರಾಜು ಅವರಿಗೆ ಕಿವಿ ಗುಯ್ ಎಂದಿತು. ಅರ್ಧ ಮೈದಾನ ಕಾಂಕ್ರೀಟಾದರೆ ಉಳಿದರ್ಧದಲ್ಲಿ ಗೋಲಿ ಆಡಬೇಕು. ಸೋತಿದ್ದರೆ ಈ ಮೈದಾನ ಉಳಿಯುತ್ತಿತ್ತು. ಎಂಟು ವರ್ಷ ಬೆವರು ಹರಿಸಿ, ಗೆದ್ದು, ತಮ್ಮ ಕೈಯಾರೆ ತಾವೇ ಇದನ್ನು ಕಳೆದುಕೊಂಡಂತಾಯಿತಲ್ಲ ಎಂದು ಅವರಿಗೆ ಅಳು ಬರುವಷ್ಟು ಸಿಟ್ಟು ಬಂತು. ಆ ಮನುಷ್ಯನಲ್ಲಿ ಕೆಟ್ಟ ಬುದ್ಧಿ ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅವರ ಮುಖದಲ್ಲಿ ಮಗುವಿನ ಹಾಗೆ ಖುಷಿ ತುಂಬಿತ್ತು.

ಪುರೋಹಿತರು ಗೋಲು ಕಂಬಗಳ ನಡುವೆ ರಂಗೋಲಿ ಎಳೆದು, ಹೊಸ ಗುದ್ದಲಿಗೆ ಅರಿಸಿನ ಕುಂಕುಮ ಹಚ್ಚಿ, ಹೂ ಸುತ್ತಿದ್ದರು. "ಬೇಗ ಬನ್ನಿ, ನಾಲ್ಕೂವರೆಗೆ ರಾಹುಕಾಲ ಬರ್ತದೆ" ಎಂದು ಅವಸರ ಮಾಡಿದರು. ಮೊದಲ ಏಟು ನಾಯಕನದು ಎಂದು ವೆಂಕಟಸುಬ್ಬಯ್ಯನವರು ಗುದ್ದಲಿಯನ್ನು ಸ್ವರೂಪನ ಕೈಗಿಟ್ಟರು. ಸ್ವರೂಪ್ ನಿಂತಿದ್ದದ್ದು ಅವನು ದಿನಾ ನಿಲ್ಲುವ ಜಾಗದಲ್ಲೇ. ಅವನು ಗುದ್ದಲಿ ಎತ್ತಲಿಲ್ಲ. ಮೇಷ್ಟ್ರ ಮುಖ ನೋಡಿದ.

ದೇವರಾಜು ಹೋಗಿ ಅವನ ಕೈಯಿಂದ ಗುದ್ದಲಿ ತೆಗೆದುಕೊಂಡರು. "ನೀನು ಬುಡು ಮಗಾ" ಎಂದರು. ಇಂಥ ಕೆಲಸ ಹುಡುಗನ ಕೈಯಲ್ಲಿ ಆಗುವುದು ಬೇಡ ಎಂಬುದಷ್ಟೇ ಆಗ ಅವರ ತಲೆಯಲ್ಲಿದ್ದದ್ದು. ಜನ ಮತ್ತೆ ಚಪ್ಪಾಳೆ ತಟ್ಟಿದರು. ಯಾರೋ ಮೈಕ್ ತಂದು ಬಾಯಿಗೆ ಹಿಡಿದರು.

"ಏಟು ಹಾಕೋಕೆ ಮುಂಚೆ ಎರಡು ಮಾತಾಡ್ಬೇಕು ಸಾರ್. ವಂದನಾರ್ಪಣೆ."

"ಮಾತಾಡಿ ಮಾತಾಡಿ!" ಎಂದರು ವೆಂಕಟಸುಬ್ಬಯ್ಯನವರು. ವಂದನಾರ್ಪಣೆಯಿಲ್ಲದೆ ಸಮಾರಂಭ ಮುಗಿಯುವುದುಂಟೆ?

ದೇವರಾಜು ಮೊದಲು ಪ್ರಿನ್ಸಿಪಾಲರಿಗೆ, ಸೆಕ್ರೆಟರಿಗಳಿಗೆ ವಂದನೆ ಹೇಳಿದರು. ಆಮೇಲೆ ತಂಡದ ಒಬ್ಬೊಬ್ಬ ಹುಡುಗನಿಗೆ. ಮಧ್ಯೆ ನೀರು ಕುಡಿದರು. ಲೋಟ ಕೆಳಗಿಡುವಾಗ ಪುರೋಹಿತರು ಗಡಿಯಾರ ನೋಡಿ ಕೈಯಲ್ಲಿ ಸನ್ನೆ ಮಾಡುತ್ತಿದ್ದದ್ದು ಕಾಣಿಸಿತು. ಆಗ ಅವರಿಗೆ ಥಟ್ಟನೆ ಹೊಳೆಯಿತು. ಜನ್ಮದಲ್ಲಿ ಮೈಕಿನ ಮುಂದೆ ಎರಡು ವಾಕ್ಯ ದಾಟದ ಮನುಷ್ಯ ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ಹೊಸದಾಗಿ ಶುರುಮಾಡಿದರು.

ಎಂಟು ವರ್ಷದಲ್ಲಿ ಸೋತು ಹೋದ ಅಷ್ಟೂ ತಂಡಗಳ ಅಷ್ಟೂ ಹುಡುಗರಿಗೆ ಹೆಸರು ಹಿಡಿದು ವಂದನೆ ಹೇಳಿದರು. ಕಾಂಪೌಂಡಿನಾಚೆ ಮನೆಯ ಸರೋಜಮ್ಮನವರಿಗೆ, ತಮ್ಮ ತುಳಸಿ ಕಟ್ಟೆಗೆ ಬಿದ್ದ ಚೆಂಡುಗಳನ್ನೆಲ್ಲ ಬೈದುಕೊಂಡಾದರೂ ವಾಪಸು ಎಸೆದದ್ದಕ್ಕೆ. ಮೈದಾನದಲ್ಲಿ ಮೇಯಲು ಬಂದು, ಹುಲ್ಲು ಸಿಗದೆ, ಬೇಜಾರಾಗಿ ಹೋದ ದನಗಳಿಗೆ. ಮಳೆಯಲ್ಲಿ ಒದ್ದೆಯಾದ ಹುಡುಗರಿಗೆ ಬಿಸಿ ಬಿಸಿ ಟೀ ಕೊಟ್ಟ ಅಂಗಡಿಗೆ. ಇವತ್ತಿಗೂ ಬಾರದ ಗೋಲಿನ ಬಲೆಗೆ, ಗೆದ್ದ ಮೇಲೆ ನೋಡೋಣವೆಂದು ಎಂಟು ವರ್ಷ ಆಸೆ ಜೀವಂತವಾಗಿಟ್ಟ ಮಂಡಳಿಗೆ. ಜನ ನಕ್ಕರು. ವೆಂಕಟಸುಬ್ಬಯ್ಯನವರೂ ನಕ್ಕರು, ನಕ್ಕು ಮೆಲ್ಲಗೆ ಶಾಲಿನ ತುದಿ ಎಳೆದರು. ದೇವರಾಜು ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಂಡರು. ಪೇಟ ತೊಡಿಸಿ ಕೂರಿಸಿದವರಿಗೆ ಮಧ್ಯದಲ್ಲೇ ಮಾತು ನಿಲ್ಲಿಸಿ ಎನ್ನಲು ವೆಂಕಟಸುಬ್ಬಯ್ಯನವರ ವಂಶದಲ್ಲೇ ಯಾರಿಗೂ ಬಾಯಿ ಬಂದದ್ದಿಲ್ಲ.

"ಕೊನೆಯದಾಗಿ, ಈ ನೆಲಕ್ಕೆ" ಎಂದು ದೇವರಾಜು ಹೇಳಿದರು. "ಇಲ್ಲಿ ನಮ್ಮ ಸ್ವರೂಪ ಬಿದ್ದು ಬಿದ್ದು ಮೊಣಕೈ ತರಚಿಸ್ಕೊಂಡವ್ನೆ. ಗುರುವಾರ ಗೆದ್ದದ್ದು ಈ ನೆಲ ಸಾರ್, ನಾವಲ್ಲ. ಇದಕ್ಕೆ ನನ್ನ ವಂದನೆ."

ಪುರೋಹಿತರು ಎದ್ದು ಪಂಚೆ ಕೊಡವಿಕೊಂಡರು. "ರಾಹುಕಾಲ ಬಂದೇ ಬಿಟ್ಟಿತು. ಇನ್ನು ಇವತ್ತಿಗಿಲ್ಲ."

"ನಾಳೆ?" ಎಂದರು ವೆಂಕಟಸುಬ್ಬಯ್ಯನವರು.

"ನಾಳೆಯಿಂದ ಪಿತೃಪಕ್ಷ ಅಲ್ಲವೇ? ಮಹಾಲಯ ಅಮಾವಾಸ್ಯೆ ಕಳೆಯೋ ತನಕ ಆ ಮಾತೇ ಎತ್ತಬೇಡಿ."

ವೆಂಕಟಸುಬ್ಬಯ್ಯನವರು ಪೆಚ್ಚಾದರು. ಆದರೂ ದೇವರಾಜು ಅವರ ಬೆನ್ನು ತಟ್ಟಿ, "ಏನು ಚೆನ್ನಾಗಿ ಮಾತಾಡಿದಿರಿ ಕಣ್ರೀ, ಕಣ್ಣಲ್ಲಿ ನೀರು ಬಂತು. ಸ್ವಲ್ಪ ಉದ್ದವಾಯ್ತು ಅಷ್ಟೇ. ಇರಲಿ, ದಸರಾದಲ್ಲಿ ಮಾಡೋಣ" ಎಂದು ಕಾರು ಹತ್ತಿದರು. ಅವರಿಗೆ ಏನೂ ಅರ್ಥವಾಗಿರಲಿಲ್ಲ. ಅದನ್ನು ಬಿಡಿಸಿ ಹೇಳುವ ಶಕ್ತಿ ದೇವರಾಜು ಅವರಲ್ಲೂ ಉಳಿದಿರಲಿಲ್ಲ. ಜೆಸಿಬಿ ಬಂದ ದಾರಿಯಲ್ಲೇ ಗುರುಗುಟ್ಟುತ್ತ ಹೋಯಿತು.

ಸಂಜೆಯ ಬೆಳಕು ಇನ್ನೂ ಇತ್ತು. ಹುಚ್ಚಣ್ಣ ಶಾಮಿಯಾನದ ಕಂಬಗಳನ್ನು ಕಿತ್ತು ಲಾರಿಗೆ ಹೇರಿಕೊಂಡು ಹೋದ. ಗುಂಡಿ ಮುಚ್ಚಿಸುವ ಮಾತು ಅವನಿಗೆ ಮರೆತೇ ಹೋಗಿತ್ತು. ಹುಡುಗರು ಪೇಟಗಳನ್ನು ಒಂದರೊಳಗೊಂದು ಜೋಡಿಸಿಟ್ಟು, ಬರಿಗಾಲಲ್ಲೇ ಲಾರಿಯ ಗಾಲಿ ಕೊರೆದ ಮಣ್ಣನ್ನು ತುಳಿದು ಸಮ ಮಾಡಲು ಹತ್ತಿದರು. ದೇವರಾಜು ಗೋಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಗುಂಡಿಯಿಂದ ಮೇಲೆ ಬಂದ ಕಲ್ಲುಗಳನ್ನು ಮತ್ತೆ ಆಯತೊಡಗಿದರು. ಗೆದ್ದ ಖುಷಿಯನ್ನು ಒಂದು ದಿನವಾದರೂ ನೆಟ್ಟಗೆ ಅನುಭವಿಸಲು ಬಿಡಲಿಲ್ಲವಲ್ಲ ಇವರು ಎಂದು ಒಳಗೊಳಗೇ ಕುದಿಯುತ್ತಿದ್ದರು.

ಸ್ವರೂಪ್ ಬಂದು ಪಕ್ಕದಲ್ಲಿ ಕೂತ.

"ಸರ್, ಪಕ್ಷ ಮುಗಿಯೋದ್ರೊಳಗೆ ಫೈನಲ್ಲೂ ಮುಗ್ದಿರುತ್ತೆ ಅಲ್ವಾ?"

"ಮುಗ್ದಿರ್ತದೆ. ಕಪ್ ತಗೊಂಡೋಗಿ ಅವರ ಮುಂದೆ ಇಟ್ಟು, ಮೈದಾನ ಬುಟ್ಬುಡಿ ಸಾರ್ ಅಂತ ಕೇಳೋಣ."

ಸ್ವರೂಪ್ ತಾನೂ ನಾಲ್ಕು ಕಲ್ಲು ಆಯ್ದ. ಆಮೇಲೆ ಕೇಳಿದ: "ಸರ್, ಒಂದ್ ಮ್ಯಾಚ್ ಗೆದ್ದಿದ್ದಕ್ಕೇ ಅರ್ಧ ಮೈದಾನ ಹೋಗೋದ್ರಲ್ಲಿತ್ತು. ಕಪ್ಪೇ ಗೆದ್ಬುಟ್ರೆ?"

ದೇವರಾಜು ಕೈಯಲ್ಲಿದ್ದ ಕಲ್ಲನ್ನು ನೋಡಿದರು. ಅದನ್ನು ಕಾಂಪೌಂಡಿನ ಆಚೆಗೆ ಬೀಸಿ ಎಸೆದರು.

"ಮೊದ್ಲು ಈ ಗುಂಡಿ ಮುಚ್ಚು" ಎಂದರು. "ನಾಳೆ ಆರು ಗಂಟೆಗೆ ಎಲ್ರೂ ಇಲ್ಲಿರ್ಬೇಕು."