ಮೂಗಿಗೆ ಸಿಗದ ಗಾಳಿ

ನಖೋನ್ ಸವಾನ್ ಪಟ್ಟಣದ ನದಿ ದಂಡೆಯ ಆ ಅಕ್ಕಿ ಗಿರಣಿಯಲ್ಲಿ ಚಲುಯ್ ದೊಡ್ಡಪ್ಪನ ಮೂಗು ಹೇಳಿದ್ದೇ ಕೊನೆಯ ಮಾತು. ಮೂವತ್ತೊಂದು ವರ್ಷದಿಂದ ಉಗ್ರಾಣದ ಮೂಟೆಗಳಿಗೆ ಹುಳು ಸಾಯುವ ಗುಳಿಗೆ ಇಡುತ್ತಿದ್ದವನು ಅವನೇ. ಮೂಟೆಗಳ ಅಟ್ಟಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮರಳಿನ ಚೀಲ ಹೇರಿಬಿಟ್ಟರೆ ಒಳಗಿನ ಪಸೆ ತಾಗಿ ಗುಳಿಗೆ ಪುಡಿಯಾಗುತ್ತದೆ, ವಿಷದ ಗಾಳಿ ಬಿಡುತ್ತದೆ. ಏಳನೆಯ ದಿನ ಹೊದಿಕೆ ತೆಗೆದು, ಬಾಗಿಲೆಲ್ಲ ತೆರೆದಿಟ್ಟು, ಮಧ್ಯಾಹ್ನದ ಹೊತ್ತಿಗೆ ಅವನು ಅಟ್ಟಿಯ ಹತ್ತಿರ ಕತ್ತು ಚಾಚಿ ಮೂಸುತ್ತಾನೆ. ಬೆಳ್ಳುಳ್ಳಿಯಂಥ ವಾಸನೆ ಬಂದರೆ ‘ತಡೀರಿ’ ಅನ್ನುತ್ತಾನೆ, ಬರದಿದ್ದರೆ ‘ಹೊರ್ರಿ’.

ಆ ದಿನ ಅವನು ‘ಹೊರ್ರಿ’ ಅಂದ. ಹಮಾಲರು ತಲೆಗೆ ಬಟ್ಟೆ ಸುತ್ತಿಕೊಂಡರು. ಅಷ್ಟರಲ್ಲಿ ಉಗ್ರಾಣ ನೋಡಿಕೊಳ್ಳುವ ಒರತೈ ಅಡ್ಡ ಬಂದು ನಿಂತಳು. ಪರದೇಶದ ಗಿರಾಕಿಗಳು ಕೇಳಿದರೆಂದು ಒಡತಿ ಆ ತಿಂಗಳಷ್ಟೇ ತರಿಸಿದ್ದ ಹಳದಿ ಮೀಟರು ಅವಳ ಕೈಯಲ್ಲಿತ್ತು. ಅದರ ಕೊಳವೆಯನ್ನು ಅವಳು ಮೂಟೆಗಳ ಸಂದಿಗೆ ತೂರಿಸಿದ್ದಳು.

“ದೊಡ್ಡಪ್ಪ, ಒಂದ್ನಿಮಿಷ. ಇದು ಹನ್ನೊಂದು ಅಂತಿದೆ.”

“ಏನು, ಗಂಟೆನಾ? ಆಗ್ಲೇ ಒಂದೂವರೆ ಆಯ್ತಲ್ಲೇ.” ಹಮಾಲರು ಗೊಳ್ಳೆಂದು ನಕ್ಕರು.

“ಗಾಳಿ! ಸೊನ್ನೆ ಪಾಯಿಂಟ್ ಮೂರು ದಾಟಬಾರ್ದು ಅಂತ ಬರ್ದಿದೆ.”

“ಮೊನ್ನೆ ಹುಟ್ಟಿದ ಡಬ್ಬಿ ಕಣಮ್ಮ ಅದು. ನನ್ನ ಮೂಗಿಗೆ ಅರವತ್ತು ತುಂಬಿದೆ. ಯಾವುದಕ್ಕೆ ಮರ್ಯಾದೆ ಕೊಡ್ಬೇಕು?”

ಒರತೈ ಕೊಳವೆಯನ್ನು ಸಂದಿಯಿಂದ ಹೊರಗೆಳೆದಳು. ಮೀಟರನ್ನು ಅಂಗಳಕ್ಕೆ ಒಯ್ದಳು. ಸೊನ್ನೆ. ಮತ್ತೆ ಸಂದಿಗೆ ತೂರಿಸಿದಳು. ಹನ್ನೊಂದು. ಆಮೇಲೆ ಹಳೆಯ ಪೆಟ್ಟಿಗೆಯಿಂದ ಗಾಜಿನ ನಳಿಕೆಯೊಂದನ್ನು ತೆಗೆದು ತುದಿ ಮುರಿದು ಗಾಳಿ ಎಳೆದಳು. ವಿಷ ತಾಗಿ ಒಳಗಿನ ಬಿಳಿ ಪುಡಿ ಬಣ್ಣ ತಿರುಗಿತು. ಒಡತಿ ಜೇ ಸೀವ್ ಕಚೇರಿಯಿಂದ ಬಂದು ಎಲ್ಲವನ್ನೂ ನೋಡಿದಳು. “ಸರಕಿನ ದೋಣಿ ಕಾಯ್ತಿದೆ,” ಎಂದು ಗೊಣಗಿದಳು. ಆದರೂ, “ಫ್ಯಾನ್ ಹಾಕಿ. ನಾಳೆವರೆಗೂ ಯಾರೂ ಒಳಗೆ ಕಾಲಿಡಬೇಡಿ,” ಅಂದಳು.

ಚಲುಯ್ ಮುಖ ಗಂಟಿಕ್ಕಿಕೊಂಡು ಹೊರಟುಹೋದ.

ಗೆದ್ದ ಖುಷಿ ಒರತೈಗೆ ಇರಲಿಲ್ಲ, ಅವಳ ತಲೆಗೆ ಹುಳ ಹೊಕ್ಕಿತ್ತು. ದೊಡ್ಡಪ್ಪನ ಮೂಗು ಸುಳ್ಳು ಹೇಳುವಂಥದ್ದಲ್ಲ. ಮೂರು ಮನೆ ಆಚೆ ಮೀನು ಹುಳಿ ಹಿಡಿದರೆ ಇಲ್ಲಿಂದಲೇ ಹೇಳುವವನು ಅವನು. ಮೀಟರೂ ಸುಳ್ಳಲ್ಲ. ಹಾಗಾದರೆ ಗಾಳಿ ಇದ್ದೂ ವಾಸನೆ ಎಲ್ಲಿಗೆ ಹೋಯಿತು?

ಊರಿನ ಕೃಷಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರಮ್ಮನಿಗೆ ಫೋನು ಹಚ್ಚಿದಳು. ಪೂರ್ತಿ ಕೇಳಿಸಿಕೊಂಡ ಮೇಷ್ಟ್ರಮ್ಮ ಹೇಳಿದ್ದಿಷ್ಟು: ಒಂದು ರಂಜಕಕ್ಕೆ ಮೂರು ಜಲಜನಕ ಅಂಟಿಕೊಂಡರೆ ಹುಳು ಕೊಲ್ಲುವ ಗಾಳಿ. ಅದು ಅಪ್ಪಟವಾಗಿದ್ದರೆ ಅದಕ್ಕೆ ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಎರಡು ರಂಜಕ, ನಾಲ್ಕು ಜಲಜನಕ ಸೇರಿದ ಇನ್ನೊಂದಿದೆ, ಅಂಥ ಬೇರೆ ಸೋದರರೂ ಇದ್ದಾರೆ. ಗುಳಿಗೆಯಿಂದ ಇವರೂ ಚೂರುಪಾರು ಹೊರಬರುತ್ತಾರೆ. ನಾತ ಅವರದು.

“ಅಂದ್ರೆ ನಾವು ಮೂಸ್ತಿದ್ದದ್ದು ಕಳ್ಳನ್ನಲ್ಲ, ಕಳ್ಳನ ಜೊತೆಗಾರನ್ನ?”

“ಹೂಂ. ಜೊತೆಗಾರರನ್ನ ಅಕ್ಕಿ ಕಾಳು ಹೀರಿಕೊಂಡುಬಿಡುತ್ತೆ ಅಂತಾರೆ. ನಾನು ಕಣ್ಣಾರೆ ನೋಡಿಲ್ಲಪ್ಪ.”

ನೋಡಿಲ್ಲವೆಂದರೆ ನೋಡಬೇಕು. ಮುಂದಿನ ಸಲ ಗುಳಿಗೆ ಇಟ್ಟಾಗ ಒರತೈ ಮುಖಕ್ಕೆ ಮಾಸ್ಕ್ ಬಿಗಿದು, ಹೊದಿಕೆಯಡಿಯ ಗಾಳಿಯನ್ನು ಪಂಪಿನಿಂದ ಎರಡು ಕಬ್ಬಿಣದ ಡ್ರಮ್ಮಿಗೆ ತುಂಬಿಸಿದಳು. ಒಂದು ಖಾಲಿ ಡ್ರಮ್ಮು, ಇನ್ನೊಂದರಲ್ಲಿ ಮುಕ್ಕಾಲು ಅಕ್ಕಿ. ಮುಚ್ಚಳ ಬಿಗಿದು ಅಂಗಳದ ಮೂಲೆಯಲ್ಲಿ ಎರಡು ದಿನ ಇಟ್ಟಳು. ಹಮಾಲರೆಲ್ಲ “ಅಕ್ಕ ಸಾರಾಯಿ ಕಾಯಿಸ್ತಾಳೆ” ಎಂದು ಆಡಿಕೊಂಡರು.

ಮೂರನೆಯ ದಿನ ಚಲುಯ್‌ನನ್ನು ಕರೆದಳು. “ದೊಡ್ಡಪ್ಪ, ನಿಮ್ಮ ಮೂಗು ಬೇಕು.”

“ಡಬ್ಬಿ ಇದೆಯಲ್ಲ, ನಾನ್ಯಾಕೆ?”

“ಡಬ್ಬಿಗೆ ವಾಸನೆ ಗೊತ್ತಾಗಲ್ಲ. ಬನ್ನಿ.”

ಅವನನ್ನು ಡ್ರಮ್ಮಿನ ಕಡೆಯಿಂದ ಗಾಳಿ ಬೀಸಿಬರುವ ದಿಕ್ಕಿನಲ್ಲಿ ಹತ್ತು ಮಾರು ದೂರ ನಿಲ್ಲಿಸಿ, ಮಾಸ್ಕ್ ತೊಟ್ಟು ಖಾಲಿ ಡ್ರಮ್ಮಿನ ಮುಚ್ಚಳವನ್ನು ಕೂದಲೆಳೆಯಷ್ಟು ಸಡಿಲಿಸಿದಳು. ಮೀಟರು ಕಿರುಚಿಕೊಂಡಿತು. ಅಲ್ಲಿಂದಲೇ ಚಲುಯ್ ಮೂಗು ಮುಚ್ಚಿಕೊಂಡ. “ಬೆಳ್ಳುಳ್ಳಿ!” ಅದನ್ನು ಬಿಗಿದು, ಅಂಗಳ ತಿಳಿಯಾಗುವವರೆಗೂ ಕಾದು, ಅಕ್ಕಿಯ ಡ್ರಮ್ಮನ್ನು ಸಡಿಲಿಸಿದಳು. ಮೀಟರು ಅಷ್ಟೇ ಜೋರಾಗಿ ಕಿರುಚಿತು.

ಚಲುಯ್ ಕತ್ತು ಚಾಚಿ ಮತ್ತೆ ಮತ್ತೆ ಮೂಸಿದ.

“ಏನಾದ್ರೂ ಬಂತಾ?”

“ಇಲ್ಲ.” ಅವನ ದನಿ ಕುಗ್ಗಿತ್ತು. “ಏನೂ ಬರ್ಲಿಲ್ಲ.”

ಅವಳು ಮುಚ್ಚಳ ಬಿಗಿದು ಬರುವಷ್ಟರಲ್ಲಿ ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದ.

“ನನ್ನ ತಂಗಿ ಗಂಡ ಬುನ್‌ಹೋಮ್ ಇದ್ನಲ್ಲ,” ಅಂದ. “ಹದಿನಾಲ್ಕು ವರ್ಷ ಆಯ್ತು. ದೋಣಿಯ ಒಡಲಲ್ಲಿ ಗುಳಿಗೆ ಇಟ್ಟಿದ್ದ ಅಕ್ಕಿ ಮೂಟೆ ಮೇಲೆ ಮಲಗಿದವನು ಏಳಲಿಲ್ಲ. ಹೃದಯ ನಿಂತುಹೋಯ್ತು ಅಂದ್ರು ಎಲ್ರೂ. ಇಳಿಯೋ ಮುಂಚೆ ಅವನು ನನ್ನನ್ನ ಕೇಳಿದ್ದ, ‘ಭಾವ, ಸರಿ ಇದೆಯಾ?’ ಅಂತ. ನಾನು ಮೂಸಿ, ಇಳಿ ಅಂದೆ.”

ಒರತೈ ಮಾಸ್ಕ್ ಕೈಯಲ್ಲಿ ಹಿಡಿದುಕೊಂಡೇ ಅವನ ಪಕ್ಕದಲ್ಲಿ ಕೂತಳು.

“ಅವತ್ತು ನೆಗಡಿ ಇತ್ತೇನೋ, ಗಡಿಬಿಡಿಲಿ ಸರಿಯಾಗಿ ಮೂಸಲಿಲ್ವೇನೋ ಅಂತ ಒಳಗೊಳಗೇ ಬೆಂದಿದೀನಿ. ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ.”

“ನೀವು ಸರಿಯಾಗೇ ಮೂಸಿದ್ರಿ ದೊಡ್ಡಪ್ಪ.”

“ಸರಿಯಾಗಿ ಮೂಸಿದ್ರೂ ಅವನು ಸತ್ತ,” ಅಂದ ಚಲುಯ್. ಅವನಿಗೆ ಸಮಾಧಾನವಾಯಿತೋ, ಹಳೆಯ ಗಾಯ ಕೆದಕಿದಂತಾಯಿತೋ, ಒರತೈಗೆ ತಿಳಿಯಲಿಲ್ಲ.

ಆ ವಾರದಿಂದ ಮೀಟರು ನೋಡದೆ ಯಾರೂ ಉಗ್ರಾಣದೊಳಗೆ ಹೋಗುವಂತಿರಲಿಲ್ಲ. ಅದನ್ನು ಹಿಡಿಯುವ ಕೆಲಸವನ್ನು ಚಲುಯ್ ತಾನೇ ಕೇಳಿ ಪಡೆದ. ಭಾನುವಾರ ಬಸ್ಸು ಹತ್ತಿ ಉತೈ ಥಾನಿಗೆ, ತಂಗಿಯ ಮನೆಗೆ ಹೋದ.

ಸೋಮವಾರ ಒರತೈ ಹೆದರಿಕೊಂಡೇ ಕೇಳಿದಳು: “ತಂಗಿಗೆ ಎಲ್ಲಾ ಹೇಳಿದ್ರಾ? ಏನಂದ್ರು?”

“ಹೊಡೀತಾಳೆ ಅಂದ್ಕೊಂಡಿದ್ದೆ. ತುಂಬ ಹೊತ್ತು ಅತ್ತಳು. ಆಮೇಲೆ ಅನ್ನ ಬಡಿಸಿದಳು. ತಿನ್ನುವಾಗ ಒಂದು ಮಾತು ಕೇಳಿದಳು ನೋಡು, ಆ ವಾಸನೆ ಅಕ್ಕಿಯೊಳಗೆ ಹೊಕ್ಕ ಮೇಲೆ ಏನಾಗುತ್ತೆ ಅಂತ. ನಂಗೆ ಗೊತ್ತಿರ್ಲಿಲ್ಲ. ನಿಂಗೊತ್ತಾ?”

ಒರತೈಗೂ ಗೊತ್ತಿರಲಿಲ್ಲ. ಮೇಷ್ಟ್ರಮ್ಮನ ಪಾಠ ಮುಗಿಯುವುದು ಹತ್ತಕ್ಕೆ. ಇಬ್ಬರೂ ಗಡಿಯಾರ ನೋಡುತ್ತ ಫೋನಿನ ಪಕ್ಕ ಕೂತರು.