ತಂಗಿ ಜೋಡಿಸಿದ ಕಂಪ್ಯೂಟರ್

ಒಳಗೆ ಫ್ಯಾನು ತಿರುಗುತ್ತಿತ್ತು, ಮುಂದೆ ದೀಪ ಉರಿಯುತ್ತಿತ್ತು, ಮಾನಿಟರ್ ಮಾತ್ರ ಜಪ್ಪಯ್ಯ ಅಂದರೂ ಬೆಳಗಲಿಲ್ಲ. ಸಿಗ್ನಲ್ ಇಲ್ಲ ಅಂತ ಒಂದು ಸಾಲು ತೋರಿಸಿ ಕಪ್ಪಗಾಗುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಅದರ ಮುಂದೆ ಕೂತ ತಂಗಿ ಹನ್ನೊಂದಾದರೂ ಎದ್ದಿರಲಿಲ್ಲ.

ಬಟ್ಟೆ ಒಣಹಾಕಿ ಒಳಗೆ ಬಂದ ಅಕ್ಕ ಕ್ಯಾಬಿನೆಟ್ಟಿನ ಹಿಂಭಾಗವನ್ನು ಒಂದೇ ಒಂದು ಸಲ ನೋಡಿದಳು. ಗೊತ್ತಾಗಿಹೋಯಿತು. ಗೊತ್ತಾಗದೆ ಏನು, ಹನ್ನೊಂದು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಅವಳು ಮಾಡುತ್ತಿದ್ದದ್ದೇ ಅದು. ಮಾನಿಟರಿನ ಕೇಬಲ್ಲನ್ನು ಕೆಳಗಡೆ ಗ್ರಾಫಿಕ್ಸ್ ಕಾರ್ಡಿಗೆ ಹಾಕಬೇಕು, ತಂಗಿ ಮೇಲೆ ಮದರ್‌ಬೋರ್ಡಿನ ತೂತಿಗೆ ಹಾಕಿದ್ದಳು. ಎರಡೂ ತೂತು ಒಂದೇ ಆಕಾರ. ಮೊದಲ ಸಲ ಜೋಡಿಸುವವರು ಎಷ್ಟೋ ಜನ ಮಾಡುವ ತಪ್ಪು. ಕಿತ್ತು ಒಂದು ಗೇಣು ಕೆಳಗೆ ಚುಚ್ಚಿದರೆ ಮುಗಿಯಿತು.

ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಬೆಳ್ಳುಳ್ಳಿ ಬುಟ್ಟಿ ತಂದುಕೊಂಡು ಎದುರಿಗೆ ಸುಲಿಯುತ್ತ ಕೂತಳು.

ಇದನ್ನು ಬರೀ ಹೊಟ್ಟೆಕಿಚ್ಚು ಅಂತ ತಳ್ಳಿಹಾಕಬೇಡಿ, ಸ್ವಲ್ಪ ಹಿಂದಿನದೂ ಕೇಳಿ. ಆ ಮನೆಯಲ್ಲಿ ನಲ್ಲಿ ಸೋರಿದರೆ ಅಕ್ಕ, ಫ್ಯೂಸ್ ಹೋದರೆ ಅಕ್ಕ, ಮಿಕ್ಸಿ ನಿಂತರೆ ಅಕ್ಕ. ತಂಗಿ ಪ್ರೆಸ್ಸೊಂದರಲ್ಲಿ ಕಂಪ್ಯೂಟರಿನ ಮೇಲೆ ಪುಸ್ತಕದ ಪುಟ ಜೋಡಿಸುತ್ತಿದ್ದಳು. ನಾಲ್ಕು ತಿಂಗಳ ಹಿಂದೆ ಪ್ರೆಸ್ ಬಾಗಿಲು ಹಾಕಿತು. ಮನೆಯಿಂದಲೇ ಕೆಲಸ ಹುಡುಕುತ್ತೀನಿ, ಕಂಪ್ಯೂಟರ್ ನಾನೇ ಜೋಡಿಸುತ್ತೀನಿ ಅಂತ ಅವಳು ಹೊರಟಾಗ ಅಕ್ಕ, "ನಾನಿಲ್ವೇನೆ? ಒಂದು ಗಂಟೆ ಕೆಲಸ" ಅಂದಿದ್ದಳು. ತಂಗಿ ನಕ್ಕು, "ಬೇಡಕ್ಕ. ನೀನು ಮಾಡಿಕೊಟ್ರೆ ಅದು ನಿಂದೇ ಆಗುತ್ತೆ" ಅಂದಳು. ಅವಳು ತಮಾಷೆಗೆ ಅಂದದ್ದು. ಅಕ್ಕನಿಗೆ ಆ ಮಾತು ಚುಚ್ಚಿತು, ಆರು ವಾರವಾದರೂ ಹೋಗಿರಲಿಲ್ಲ.

ಇವತ್ತು ಮಧ್ಯಾಹ್ನ ಮೂರಕ್ಕೆ ತಂಗಿಯ ಪರೀಕ್ಷೆ. ಒಬ್ಬ ಪ್ರಕಾಶಕಿ ಎಂಟು ಪುಟ ಕಳಿಸುತ್ತಾಳೆ, ಬಂದ ಕೂಡಲೇ ತೆರೆದು ಸಿಕ್ಕಿತು ಅಂತ ತಿಳಿಸಿ, ಐದರೊಳಗೆ ಜೋಡಿಸಿ ವಾಪಸ್ ಕಳಿಸಬೇಕು. ಸರಿಹೋದರೆ ವರ್ಷಪೂರ್ತಿ ಕೆಲಸ, ಇಲ್ಲದಿದ್ದರೆ ಸಾಲಿನಲ್ಲಿ ಇನ್ನಿಬ್ಬರಿದ್ದಾರೆ. ಬೇಕಾದ ಸಾಫ್ಟ್‌ವೇರನ್ನೆಲ್ಲ ಪ್ರೆಸ್ಸಿನ ಗೆಳತಿಯೊಬ್ಬಳು ಡಿಸ್ಕಿಗೆ ಹಾಕಿಕೊಟ್ಟಿದ್ದಳು. ಪರದೆ ಬಂದರೆ ಸಾಕಿತ್ತು.

"ಅಕ್ಕನ್ನ ಕೇಳಬಾರದೇನೆ?" ಅಂತ ಅಮ್ಮ ಅಡುಗೆಮನೆಯಿಂದಲೇ ಕೂಗಿದರು.

"ನೋಡ್ತೀನಮ್ಮ. ಇನ್ನೂ ಟೈಮಿದೆ."

ಕೇಳಲಿ, ಅಂದುಕೊಂಡಳು ಅಕ್ಕ. ಒಂದೇ ಒಂದು ಸಲ, ನನ್ನ ಕೈಲಾಗಲ್ಲ ಅಕ್ಕ, ನೀನೇ ನೋಡು ಅಂತ ಬಾಯಿಬಿಟ್ಟು ಕೇಳಲಿ. ಆ ಕ್ಷಣವೇ ಹೇಳಿಬಿಡುತ್ತೀನಿ. ಹಾಗಂತ ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು, ಪಾಪ.

ತಂಗಿ ಕೇಳಲಿಲ್ಲ. ಮೆಮೊರಿ ಪಟ್ಟಿ ತೆಗೆದು ಒರೆಸಿ ಹಾಕಿದಳು. ಪವರ್ ವೈರುಗಳನ್ನೆಲ್ಲ ಕಿತ್ತು ಮತ್ತೆ ಚುಚ್ಚಿದಳು. ಗ್ರಾಫಿಕ್ಸ್ ಕಾರ್ಡನ್ನೇ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ ವಾಪಸ್ ಕೂರಿಸಿದಳು. ಪ್ರತಿ ಸಲವೂ ಕೊನೆಗೆ ಮಾನಿಟರಿನ ಕೇಬಲ್ಲನ್ನು ನಿಷ್ಠೆಯಿಂದ ಅದೇ ತಪ್ಪು ತೂತಿಗೆ ಹಾಕುತ್ತಿದ್ದಳು. ಕೈ ಅಲ್ಲಿಗೆ ಹೋದಾಗಲೆಲ್ಲ ಅಕ್ಕನ ಬೆರಳು ಬೆಳ್ಳುಳ್ಳಿಯ ಮೇಲೆ ನಿಲ್ಲುತ್ತಿತ್ತು. ಊಟಕ್ಕೆ ಕರೆದರೂ ತಂಗಿ ಬರಲಿಲ್ಲ.

ಎರಡೂವರೆಯಾದರೂ ತಂಗಿ ವೈರು ಕಿತ್ತು ಚುಚ್ಚುತ್ತಲೇ ಇದ್ದಳು. ಕ್ಯಾಬಿನೆಟ್ಟಿನ ಅಂಚು ತಾಗಿ ಬೆರಳು ಕೊಯ್ದುಕೊಂಡಿತ್ತು, ನೋಡಿಕೊಂಡಿರಲಿಲ್ಲ. ಕೊನೆಗೆ ತಲೆ ಎತ್ತಿ ಅಂದಳು, "ನನ್ನ ಕೈಲಾಗ್ತಿಲ್ಲಕ್ಕ. ನೀನೇ ನೋಡು. ನಿನ್ನ ದಮ್ಮಯ್ಯ."

ಆಹಾ, ಬಂತಲ್ಲ ಮಾತು! ಅಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮನುಷ್ಯರಾಗಿದ್ದರೆ ಅಲ್ಲಿಗೆ ನಿಲ್ಲಿಸಬೇಕಿತ್ತು. ಇವಳು ಎದ್ದು ಕೈ ತೊಳೆದು, ಸಾವಕಾಶವಾಗಿ ಒರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು ಬಂದಳು. ಆ ರುಚಿ ಇನ್ನೂ ಸ್ವಲ್ಪ ಹೊತ್ತು ಬಾಯಲ್ಲಿರಲಿ ಅನ್ನಿಸಿತ್ತು.

"ಯಾವುದನ್ನ ಮೊದಲು ಹಾಕಿದೆ?"

"ಪ್ರೊಸೆಸರ್."

"ಪೇಸ್ಟ್ ಎಷ್ಟು ಹಾಕಿದ್ದೆ?"

"ಬಟಾಣಿಯಷ್ಟು. ಪ್ರೊಸೆಸರ್ ಬಿಸಿ ಆಗದೆ ಇರೋಕೆ ಅಷ್ಟು ಸಾಕು ಅಂತ ವಿಡಿಯೋದಲ್ಲಿ ಹೇಳಿದ್ರು."

"ವಿಡಿಯೋ ನೋಡಿ ಎಲ್ಲಾ ಬರೋ ಹಾಗಿದ್ರೆ ನಮಗ್ಯಾಕೆ ಅಂಗಡಿ? ಎಲ್ಲಾ ಬಿಚ್ಚು. ಮೊದಲಿಂದ ನೋಡೋಣ."

"ಎಲ್ಲಾನಾ? ಇನ್ನು ಅರ್ಧ ಗಂಟೆ ಕೂಡ ಇಲ್ಲ ಅಕ್ಕ."

"ಮತ್ತೆ ನನ್ನನ್ಯಾಕೆ ಕರೆದೆ?"

ತಂಗಿ ಬಿಚ್ಚಿದಳು. ಆರು ವಾರ ಓದಿ, ಬರೆದುಕೊಂಡು, ಒಂದೊಂದೇ ಸ್ಕ್ರೂ ಎಣಿಸಿ ಕೂರಿಸಿದ್ದನ್ನೆಲ್ಲ ಹಾಸಿದ ದಿನಪತ್ರಿಕೆಯ ಮೇಲೆ ಸಾಲಾಗಿ ಇಟ್ಟಳು. ಅಕ್ಕ ಒಂದೊಂದನ್ನೇ ಕೈಗೆತ್ತಿಕೊಂಡು ಹೂಂ ಅನ್ನುತ್ತಿದ್ದಳು. "ನಿಮ್ಮ ಅಂಗಡೀಲಿ ಒಂದು ಮಿಷನ್ ಕೊಡಿಸಕ್ಕ, ಓಡಿಹೋಗಿ ಅಲ್ಲೇ ಮಾಡ್ತೀನಿ" ಅಂದಳು ತಂಗಿ. ಅಕ್ಕ ತಲೆ ಎತ್ತದೆ, "ಇವತ್ತು ವಾರದ ರಜೆ. ಬೀಗದ ಕೈ ಮಾಲೀಕರ ಹತ್ತಿರ" ಅಂದಳು. ಅದೊಂದು ಮಾತು ನಿಜ.

ಮತ್ತೆ ಎಲ್ಲ ಜೋಡಿಸಿದ್ದು ಅಕ್ಕನೇ, ಸರಸರ ಅಂತ. ಮಾನಿಟರಿನ ಕೇಬಲ್ಲನ್ನು ಮಾತ್ರ ತಂಗಿಯ ಕೈಗೆ ಕೊಟ್ಟಳು. "ಇದೊಂದು ನೀನೇ ಹಾಕು" ಅಂದಳು. ತಂಗಿ ಅದೇ ತೂತಿಗೆ ಹಾಕಿದಳು. ಸ್ವಿಚ್ ಒತ್ತಿದಳು, ಪರದೆ ಕಪ್ಪಗೇ ಇತ್ತು.

ಮೂರು ಹೊಡೆಯಿತು. ಮೂರೂ ಹತ್ತಕ್ಕೆ ಪ್ರಕಾಶಕಿಯ ಫೋನ್ ಬಂತು. ತಂಗಿ ಅದನ್ನು ಹಿಡಿದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಳು. "ಇಲ್ಲ ಮೇಡಂ, ಸ್ಕ್ರೀನ್ ಬರುತ್ತೆ... ಹತ್ತೇ ನಿಮಿಷ ಮೇಡಂ" ಅನ್ನುವುದು ಒಳಗೆ ಕೇಳುತ್ತಿತ್ತು. ಆಮೇಲೆ, "ಆಯ್ತು ಮೇಡಂ. ಪರವಾಗಿಲ್ಲ. ಅವರಿಗೇ ಕೊಡಿ" ಅಂದದ್ದು ಕೇಳಿತು.

ಅಕ್ಕ ಕ್ಯಾಬಿನೆಟ್ಟಿನ ಹಿಂದೆ ಕೈ ಹಾಕಿ ಕೇಬಲ್ ಕಿತ್ತು ಕೆಳಗೆ ಚುಚ್ಚಿದಳು. ಪರದೆ ಬೆಳಗಿತು. ಅಕ್ಷರಗಳು ಬಂದವು, ಬಣ್ಣ ಬಂತು, ತಂಗಿ ಬೇಕೆಂದು ಕೇಳಿ ಹಾಕಿಸಿಕೊಂಡಿದ್ದ ಸಾಫ್ಟ್‌ವೇರುಗಳ ಸಾಲು ಬಂತು. ಬಿಚ್ಚಿಸುವ ಮೊದಲು ತಂಗಿ ಎಲ್ಲವನ್ನೂ ಸರಿಯಾಗಿಯೇ ಜೋಡಿಸಿದ್ದಳು. ಅಂಗಡಿಯಲ್ಲಿ ವರ್ಷಗಟ್ಟಲೆ ಕಲಿತವರೂ ವೈರುಗಳನ್ನು ಅಷ್ಟು ಅಚ್ಚುಕಟ್ಟಾಗಿ ಕಟ್ಟುವುದಿಲ್ಲ ಅಂತ ಅಕ್ಕನಿಗೆ ಗೊತ್ತಿತ್ತು. ಎದೆಯೊಳಗೆ ಏನೋ ಹಿಂಡಿತು, ನಿಜ. ಹಿಂಡಿದ್ದು ಅರ್ಧ ನಿಮಿಷ.

"ಅಯ್ಯೋ, ಸದ್ಯ, ನೀನಿದ್ದೆಯಲ್ಲ" ಅಂದರು ಬಾಗಿಲಲ್ಲಿ ನಿಂತ ಅಮ್ಮ.

ತಂಗಿ ಒಳಗೆ ಬಂದು ಪರದೆಯನ್ನೇ ನೋಡುತ್ತ ನಿಂತಳು. ಮುಖ ಒರೆಸಿಕೊಂಡು ಬಂದಿದ್ದಳು. ಅವಳ ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ.

"ಏನಾಗಿತ್ತಕ್ಕ?"

ಸುಳ್ಳು ಹೇಳಲು ಅಕ್ಕನಿಗೆ ಉಸಿರೆಳೆದುಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ. "ಬೋರ್ಡಿನ ಒಳಗಿನ ವಿಷಯ ಕಣೆ. ಹೇಳಿದ್ರೂ ನಿನಗೆ ಅರ್ಥ ಆಗಲ್ಲ, ಬಿಡು."

"ಹೌದು," ಅಂದಳು ತಂಗಿ. "ಇದನ್ನ ನೀನೇ ಇಟ್ಕೊ ಅಕ್ಕ. ನಿಮ್ಮ ಅಂಗಡೀಲಿ ಧೂಳು ಹೊಡೆಯೋ ಕೆಲಸ ಏನಾದ್ರೂ ಇದ್ರೆ, ನನಗೋಸ್ಕರ ಮಾಲೀಕರನ್ನ ಒಂದು ಮಾತು ಕೇಳ್ತೀಯಾ?"