ಉಚ್ಚಂಗಮ್ಮನ ಪುರಸೊತ್ತು

ಉಚ್ಚಂಗಮ್ಮ ನಿಂತು ಮಾತನಾಡಿದ್ದನ್ನು ಚಿತ್ರದುರ್ಗದಲ್ಲಿ ಕಂಡವರು ವಿರಳ. ಹೆಸರು ಹಿಡಿದು ಕೂಗಿದರೆ ಕತ್ತು ಮಾತ್ರ ಕೂಗಿದವರತ್ತ ತಿರುಗುತ್ತಿತ್ತು. ಕಾಲುಗಳು ತಮ್ಮ ಪಾಡಿಗೆ ಮುಂದಿನ ತರಗತಿಯತ್ತ ಸಾಗಿಯೇ ಇರುತ್ತಿದ್ದವು. ಎಪ್ಪತ್ತರ ದಶಕದ ಆ ದಿನಗಳಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದ ಅವಳಿಗೆ ಬೆಳಗ್ಗೆ ಎನ್‌ಸಿಸಿ ಪರೇಡು, ಆಮೇಲೆ ಕಾಲೇಜು, ಮಧ್ಯಾಹ್ನ ಟೈಪಿಂಗ್, ಸಂಜೆ ಹಿಂದಿ ಪರೀಕ್ಷೆಯ ಪಾಠ, ಭಾನುವಾರ ಬಂತೆಂದರೆ ಶ್ರಮದಾನ. ಬದಲಾಯಿಸಲು ವೇಳೆಯಿಲ್ಲವೆಂದು ಪರೇಡಿನ ಕರಿಯ ಬೂಟುಗಳನ್ನೇ ಸೀರೆಯ ಕೆಳಗೂ ಮೆಟ್ಟಿಕೊಂಡು ಅವಳು ಬರುವ ಟಕಟಕ ಸದ್ದು ಕೇಳಿದರೆ ಸಾಕು, ವರಾಂಡದಲ್ಲಿ ಹರಟುತ್ತಿದ್ದವರು ಮುಸಿಮುಸಿ ನಗುತ್ತ ದಾರಿ ಬಿಡುತ್ತಿದ್ದರು.

"ಲೇ ಉಚ್ಚಂಗಿ, ಹೊಸಾ ಪಿಚ್ಚರ್ ಬಂದೈತೆ, ಹೋಗಾಣ ಬಾರೆ" ಎಂದು ಕೋಣೆಯ ಗೆಳತಿ ಏಕಾಂತಮ್ಮ ಗೋಗರೆದರೆ, "ಪುರಸೊತ್ತಿಲ್ಲ ಕಣೆ" ಎನ್ನುವಳು. ಆ ಮಾತನ್ನು ಹೋಳಿಗೆಯ ತುಂಡು ಬಾಯಲ್ಲಿಟ್ಟುಕೊಂಡವರಂತೆ ಸವಿದು ಹೇಳುತ್ತಿದ್ದಳು. ಒಮ್ಮೆ ಟೈಪಿಂಗ್ ಮೇಷ್ಟರು ಊರಿಗೆ ಹೋಗಿ ಪಾಠವೇ ಇಲ್ಲದಿದ್ದಾಗಲೂ ಅದೇ ಉತ್ತರ ಕೊಟ್ಟು, ಹಾಸ್ಟೆಲಿನ ಹಿಂದೆ ಬೇವಿನ ಮರದ ಕೆಳಗೆ ಒಬ್ಬಳೇ ಕೂತು ಬಟಾಣಿ ಮೆಲ್ಲುತ್ತ ಸಿಕ್ಕಿಬಿದ್ದಳು. ಜಂಬದ ಕೋಳಿ ಎಂದು ಹಾಸ್ಟೆಲಿಗೆ ಹಾಸ್ಟೆಲೇ ರೇಗಿಸಿತು. ಅವಳು ಅದಕ್ಕೂ ನಕ್ಕಳು.

ತುರುವನೂರಿನ ಆಚೆಯ ಅವಳ ಹಳ್ಳಿಯಲ್ಲಿ ಅಪ್ಪ ರಂಗಯ್ಯ, ಅವ್ವ ಕಾಟಮ್ಮ ಇಬ್ಬರೂ ದೊಡ್ಡಮನೆಯ ಹೊಲಗಳಲ್ಲಿ ದುಡಿಯುವವರು. ಅಲ್ಲಿಂದ ಕೂಗು ಬಂತೆಂದರೆ, ಹಬ್ಬವಿರಲಿ ಜ್ವರವಿರಲಿ, ಏಳಲೇಬೇಕು. ಬಿಡುವಿದೆಯೇ ಎಂದು ಅವರನ್ನು ಕೇಳುವ ನರಪಿಳ್ಳೆಯೂ ಇರಲಿಲ್ಲ. ಬಿಡುವಿಲ್ಲವೆನ್ನಲು ಮನುಷ್ಯನಿಗೆ ಮೊದಲು ತನ್ನದೆಂಬ ಹೊತ್ತು ಇರಬೇಕು. ಆ ಮನೆತನದಲ್ಲಿ ಅಂಥ ಹೊತ್ತನ್ನು ಕಂಡವಳು ಉಚ್ಚಂಗಮ್ಮನೇ ಮೊದಲು.

ಒಂದು ಬೇಸಿಗೆ ರಜೆಯಲ್ಲಿ ಅವಳು ಊರಿನಲ್ಲಿದ್ದಾಗ, ದೊಡ್ಡಮನೆಯ ಕೆಲಸಕಾರ್ಯ ನೋಡಿಕೊಳ್ಳುತ್ತಿದ್ದ ಜುಂಜಯ್ಯ ಅಂಗಳಕ್ಕೆ ಬಂದು ನಿಂತ.

"ರಂಗಾ, ದೊಡ್ಡಮನಿ ಮದುವಿ ಹತ್ರ ಬಂತು. ನಾಳಿಂದ ಮಗಳ್ನ ಕಾಳು ಹಸನು ಮಾಡಾಕೆ ಕಳಿಸು."

ರಂಗಯ್ಯನ ಬಾಯಿಂದ ಹೂಂ ಹೊರಡುವ ಮುನ್ನವೇ ಮಗಳು ಹೇಳಿಬಿಟ್ಟಳು: "ಇಲ್ರೀ ಜುಂಜಯ್ಯನೋರೇ, ನಾಳೆ ದುರ್ಗದಾಗೆ ಟೈಪಿಂಗ್ ಪರೀಕ್ಷೆ ಐತೆ. ನನಗೆ ಪುರಸೊತ್ತಿಲ್ಲ."

ಜುಂಜಯ್ಯ ಹುಡುಗಿಯತ್ತ ತಿರುಗಿಯೂ ನೋಡಲಿಲ್ಲ. "ಏನಪ್ಪ ರಂಗಾ, ನೀನೇನಂತೀ?"

ಒಂದು ಮಾತಿಗೆ ವರ್ಷದ ಅನ್ನ ಹೋಗುತ್ತದೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ರಂಗಯ್ಯ, "ಅವಳೇ ಹೇಳಿದ್ಲಲ್ರೀ" ಎಂದ.

ಆ ಮುಂಗಾರಿನಲ್ಲಿ ದೊಡ್ಡಮನೆಯವರು ಅವನನ್ನು ಬಿತ್ತನೆಗೆ ಕರೆಯಲಿಲ್ಲ. ಅವನು ಹಿರಿಯೂರಿನ ಕಡೆ ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯಲು ಹೋದ. ಸುದ್ದಿ ತಿಳಿದ ಉಚ್ಚಂಗಮ್ಮ ಗೋಡೆಗೆ ಮುಖ ಮಾಡಿ ಅತ್ತಳು. ಅತ್ತು ಮುಗಿಸಿ ಟೈಪಿಂಗಿಗೆ ಹೋದಳು. ತಪ್ಪಿಸಿದರೆ ಅಪ್ಪ ಒಡೆದ ಕಲ್ಲೆಲ್ಲ ದಂಡವಾಗುತ್ತದೆ ಎಂಬುದು ಅವಳ ಲೆಕ್ಕಾಚಾರ.

ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ ರಂಗಯ್ಯ ಹಿರಿಯೂರಿನ ಬಸ್ಸಿಳಿದು ಹಾಸ್ಟೆಲಿನ ಗೇಟಿಗೆ ಬಂದ. ಅಂಗೈ ತುಂಬ ಬೊಬ್ಬೆ. ಪುಸ್ತಕ ಹಿಡಿದು ಹೊರಟಿದ್ದ ಮಗಳನ್ನು ಕಂಡು ಅವನಿಗೇ ಸಂಕೋಚವಾಯಿತು. "ಹೋಗವ್ವ, ಹೋಗು. ನಿನಗೆ ಪುರಸೊತ್ತಿರಲ್ಲ. ಮಖ ನೋಡಿದ್ನಲ್ಲ, ಸಾಕು."

"ಇವತ್ತು ಪೂರಾ ಪುರಸೊತ್ತೈತಪ್ಪ" ಎಂದಳು ಉಚ್ಚಂಗಮ್ಮ.

ಅಂದು ಅವಳು ಟೈಪಿಂಗಿಗೂ ಹೋಗಲಿಲ್ಲ, ಹಿಂದಿಗೂ ಹೋಗಲಿಲ್ಲ. ತಂದೆ ಮಗಳಿಬ್ಬರೂ ಕೋಟೆ ಹತ್ತಿ, ಬಂಡೆಯ ಮೇಲೆ ಕೂತು, ಕಡಲೆಕಾಯಿ ಬಿಡಿಸುತ್ತ ಹೊತ್ತು ಮುಳುಗುವವರೆಗೆ ಮಾತನಾಡಿದರು. ಯಾರೂ ಅವರನ್ನು ಕೂಗಲಿಲ್ಲ.

ಸದಾ ಗಡಿಬಿಡಿಯಲ್ಲಿರುವ ವಿದ್ಯಾರ್ಥಿಗಳನ್ನು ಕಂಡು, ಕೀರ್ತಿಯ ಆಸೆ, ನೌಕರಿಯ ಹಂಬಲ ಎಂದು ನಗುವುದು ಸುಲಭ. ಆದರೆ ತಲೆತಲಾಂತರದಿಂದ ಪರರ ಕೂಗಿಗೆ ಎದ್ದವರ ಮನೆಯಿಂದ ಬಂದ ಮಕ್ಕಳು ತಮ್ಮ ದಿನವನ್ನು ಹೀಗೆ ಕಿಕ್ಕಿರಿಯುವಂತೆ ತುಂಬುವುದು, ಅದರಲ್ಲಿ ಬೇರೆಯವರು ಬಂದು ಕೂರಲು ಜಾಗ ಉಳಿಯದಿರಲೆಂದು. ಹಾಗೆ ಕಾದುಕೊಂಡ ಹೊತ್ತನ್ನು ಅವರು ಜಿಪುಣರಂತೆ ಬಚ್ಚಿಡುವುದೂ ಇಲ್ಲ. ಕೊಡಬೇಕಾದವರು ಬಂದು ನಿಂತಾಗ ಇಡೀ ದಿನವನ್ನೇ ಎತ್ತಿ ಕೊಟ್ಟುಬಿಡುತ್ತಾರೆ.